ಏಪ್ರಿಲ್ ತಿಂಗಳಲ್ಲಿ ಸೆಸ್ನಾ ಹಾರಿಸುವುದು: ನನ್ನ ಅನುಭವ

ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಿಂದ ಮೈಸೂರಿಗೆ ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಹೋಗಬೇಕಾದರೆ ನಾನು ಮೊದಲು ನೋಡುವುದು ಗಡಿಯಾರ. ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ವಾಪಸ್ ಇಳಿಯುವ ಹಾಗಿದ್ದರೆ ಮಾತ್ರ ಹೊರಡುತ್ತೇನೆ. ಆಮೇಲೆ ನೆಲ ಕಾದು ಮೋಡ ಬೆಳೆಯುತ್ತದೆ, ಸಂಜೆಗೆ ಗುಡುಗು ಮಳೆ. ಹತ್ತು ಗಂಟೆಗೇ ಹೂಕೋಸಿನಂಥ ಮೋಡ ಕಂಡರೆ, ಅಥವಾ ಹವಾಮಾನ ವರದಿಯಲ್ಲಿ 'ಸಿಬಿ' (ಕ್ಯುಮುಲೋನಿಂಬಸ್, ಅಂದರೆ ಗುಡುಗಿನ ಮೋಡ) ಅಂತಿದ್ದರೆ, ಅವತ್ತಿನ ಹಾರಾಟ ರದ್ದು.

ಎಲ್ಲರೂ ಕೇಳುವುದು ಸಿಡಿಲಿನ ಬಗ್ಗೆ. ನನಗೆ ಜಾಸ್ತಿ ಹೆದರಿಕೆ ಗಾಳಿಯದು. ಗುಡುಗಿನ ಮೋಡದಿಂದ ತಣ್ಣನೆ ಗಾಳಿ ಕೆಳಕ್ಕೆ ಸುರಿಯುತ್ತದೆ. ಕೆಲವೊಮ್ಮೆ ಅದರ ವೇಗ ನಿಮಿಷಕ್ಕೆ 6000 ಅಡಿ ಮುಟ್ಟಬಹುದು. ನಮ್ಮ ಸೆಸ್ನಾ ಸಮುದ್ರ ಮಟ್ಟದಲ್ಲೇ ನಿಮಿಷಕ್ಕೆ ಏರುವುದು ಸುಮಾರು 700 ಅಡಿ. ಜಕ್ಕೂರು ಇರುವುದೇ ಸುಮಾರು 3000 ಅಡಿ ಎತ್ತರದಲ್ಲಿ. ಅದರ ಮೇಲೆ ಬಿಸಿಲು ಬೇರೆ. ಇನ್ನು ಏರುವುದೆಲ್ಲಿ? ಕೆಳಗೆ ಬಿದ್ದ ಆ ಗಾಳಿ ಮಳೆಗಿಂತ ಎಷ್ಟೋ ಮುಂದೆ ನುಗ್ಗುತ್ತದೆ. ಹಾಗಾಗಿ ಗುಡುಗಿನ ಮೋಡದಿಂದ 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರ್ ದೂರ ಇಟ್ಟುಕೊಳ್ಳುತ್ತೇನೆ. ಜಕ್ಕೂರಿನಿಂದ ಬಿಡದಿಯಷ್ಟು ದೂರ.

"ಸರ್, ಎರಡು ಮೋಡದ ನಡುವೆ ಜಾಗ ಇದೆಯಲ್ಲ, ನುಸುಳಿಬಿಡಬಹುದಲ್ವಾ?" ಅಂತ ಹೊಸ ಹುಡುಗರು ಕೇಳುತ್ತಾರೆ. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಆ ಜಾಗ ಮುಚ್ಚಿರಬಹುದು. ನಮ್ಮ ವಿಮಾನದಲ್ಲಿ ರೇಡಾರ್ ಇಲ್ಲ. ಫೋನಿನಲ್ಲಿ ಕಾಣುವ ರೇಡಾರ್ ಚಿತ್ರ ಹದಿನೈದಿಪ್ಪತ್ತು ನಿಮಿಷ ಹಳೆಯದಿರಬಹುದು. ಅದನ್ನು ನೋಡಿ ಹೊರಡಬೇಕೋ ಬೇಡವೋ ಅಂತ ತೀರ್ಮಾನಿಸಬಹುದೇ ಹೊರತು ದಾರಿ ಹುಡುಕಲು ಆಗುವುದಿಲ್ಲ.

ಮೋಡದೊಳಗೆ ಹೊಕ್ಕರೆ ಇನ್ನೊಂದು ಕಷ್ಟ. ಮೇಲು ಕೆಳಗು ಗೊತ್ತಾಗುವುದಿಲ್ಲ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ನೋಡಿ ಹಾರಿಸಿ ರೂಢಿಯಿಲ್ಲದ 20 ಮಂದಿಯನ್ನು ಪರೀಕ್ಷಿಸಿದರು. ಎಲ್ಲರೂ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡುಗಳಲ್ಲಿ. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಬಂದ ದಾರಿಗೆ ಮರಳಲು ಒಂದೇ ನಿಮಿಷ ಸಾಕು. ಅದಕ್ಕೇ, ಹೊರಗಡೆ ಕಾಣದ ಹಾಗೆ ಹುಡ್ ಹಾಕಿಕೊಂಡು, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂರಿಸಿಕೊಂಡು ಈ ಒಂದು ತಿರುವನ್ನು ಆಗಾಗ ಅಭ್ಯಾಸ ಮಾಡುತ್ತೇನೆ. ಬೇಸರದ ಕೆಲಸ, ನಿಜ. ನಿಯಮದ ಪ್ರಕಾರ ಮುಂದೆ 5 ಕಿಲೋಮೀಟರ್ ದೂರ ಕಂಡರೆ ಸಾಕು. ನಾನು 8ಕ್ಕೆ ಇಳಿದಾಗಲೇ ವಾಪಸ್ ತಿರುಗುತ್ತೇನೆ.

ಕುಲುಕಾಟ ಶುರುವಾದರೆ ವೇಗ ಇಳಿಸುತ್ತೇನೆ. ವಿಮಾನ ಹಗುರವಾಗಿದ್ದಷ್ಟೂ ಇನ್ನೂ ನಿಧಾನ ಹೋಗಬೇಕು. 172ರ ಎಸ್ ಮಾದರಿ ಪೂರ್ತಿ ಭಾರವಿದ್ದಾಗ 105 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ಮಿತಿ, ಹಗುರವಿದ್ದಾಗ 90. ಬಹಳಷ್ಟು ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ. ಎತ್ತರ ನೂರಿನ್ನೂರು ಅಡಿ ಹೆಚ್ಚುಕಡಿಮೆಯಾದರೆ ಆಗಲಿ, ರೆಕ್ಕೆ ಸಮವಾಗಿರಬೇಕು.

ಮೈಸೂರಿನಲ್ಲೇ ತಡವಾಗಿಬಿಟ್ಟರೆ ಅಲ್ಲಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ವಿಮಾನಕ್ಕೆ ಹಗ್ಗ ಬಿಗಿದು ರೈಲು ಹತ್ತುತ್ತೇನೆ. ನಿಲ್ಲಿಸಿದ್ದಕ್ಕೆ ಬಾಡಿಗೆ ಬೀಳುತ್ತದೆ, ಸುಮ್ನೆ ಕಟ್ಟುತ್ತೇನೆ.