ಫುಕುವೋಕಾದಲ್ಲಿ ಮೂರು ದಿನ, ಹಸಿವಿನ ಲೆಕ್ಕದಲ್ಲಿ

ಮೂರನೇ ಸಲಕ್ಕೆ ಕೈಗೂಡಿತು. ಬರೀ ತಿನ್ನುವುದಕ್ಕೆಂದೇ ಜಪಾನಿನ ಫುಕುವೋಕಾಕ್ಕೆ ಹೋಗಿ, ಅಂದುಕೊಂಡದ್ದನ್ನೆಲ್ಲ ತಿಂದು, ತಲಾ 60,000 ಯೆನ್ ಒಳಗೆ ಟೋಕಿಯೋಗೆ ವಾಪಸ್ ಬಂದೆವು. ನಾನು, ನನ್ನ ಹೆಂಡತಿ ಇಬ್ಬರೇ. "ಮೂರು ದಿನಕ್ಕೆ ಆಗೋ ಮಾತಲ್ಲ ಬಿಡಿ, ಒಂದು ವಾರ ಬೇಕು" ಅಂತ ಟೋಕಿಯೋದ ನಿಶಿಕಸಾಯ್‌ನಲ್ಲಿ ನಮ್ಮ ಮಂಡ್ಯದ ಗೆಳೆಯರು ತಲೆ ಅಲ್ಲಾಡಿಸಿದ್ದರು. ಇದನ್ನು ಬರೆಯುವುದಕ್ಕೆ ಅವರೇ ಕಾರಣ.

ಟಿಕೆಟ್ ಎಲ್ಲಿ ಮಾಡಿಸಬೇಕು, ರೂಮ್ ಹೇಗೆ ಹುಡುಕಬೇಕು ಅಂತ ಇಲ್ಲಿ ಜಪಾನಿನಲ್ಲಿರುವವರಿಗೆ ಹೇಳಬೇಕಾಗಿಲ್ಲ. ನೇರ ಮೊದಲ ಸಲದ ಕಥೆಗೆ ಬರುತ್ತೇನೆ.

ಫೆಬ್ರವರಿ 23 ಚಕ್ರವರ್ತಿಯ ಹುಟ್ಟುಹಬ್ಬದ ರಜೆ. ಅದು ಸೋಮವಾರಕ್ಕೋ ಶುಕ್ರವಾರಕ್ಕೋ ಬಿದ್ದರೆ ಮೂರು ದಿನ ಸಿಗುತ್ತದೆ. ಈ ಮೂರನೇ ಸಲ ಹೋದದ್ದು ಅದಕ್ಕೆ. ಆದರೆ ಮೊದಲ ಸಲ ಹೋದದ್ದು ಜನವರಿಯಲ್ಲಿ, ಎರಡನೇ ಸೋಮವಾರದ ರಜೆಗೆ. 14 ಅಂಗಡಿಗಳ ಪಟ್ಟಿ ಕೈಯಲ್ಲಿತ್ತು. ತಿಂದದ್ದು ಆರರಲ್ಲಿ. ಶನಿವಾರ ಮಧ್ಯಾಹ್ನ ಇಳಿದವನೇ ತೊಂಕೋತ್ಸು ರಾಮೆನ್ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆ. ಹಂದಿ ಎಲುಬು ಕುದಿಸಿದ ಆ ದಪ್ಪ ಸಾರನ್ನು ಬಟ್ಟಲು ಬರಿದಾಗುವವರೆಗೆ ಕುಡಿದೆ. ಕಾಯೆದಾಮಾ ಅಂತ ಇನ್ನೊಂದು ಹಿಡಿ ನೂಡಲ್ಸ್ ಬೇರೆ ಹಾಕಿಸಿಕೊಂಡೆ. ರಾತ್ರಿ ಎಂಟಾದರೂ ಹಸಿವೇ ಇಲ್ಲ. ಭಾನುವಾರ ಬೆಳಿಗ್ಗೆ ಯನಗಿಬಾಶಿ ಮಾರುಕಟ್ಟೆಗೆ ಹೋದರೆ ಪೂರ್ತಿ ಬಾಗಿಲು ಹಾಕಿತ್ತು. ಅದಕ್ಕೆ ಭಾನುವಾರ ರಜೆ. ಸರಿ, ಸೋಮವಾರ ನೋಡೋಣ ಅಂದುಕೊಂಡೆವು. ಸರ್ಕಾರಿ ರಜೆಯ ದಿನವೂ ಅದು ತೆರೆಯುವುದಿಲ್ಲ. ಭಾನುವಾರ ರಾತ್ರಿ ಯಾತಾಯ್ ಅನ್ನುವ ರಸ್ತೆಬದಿಯ ಊಟದ ಗಾಡಿಗಳಲ್ಲಿ ಕೂರೋಣ ಅಂದರೆ ಗಾಳಿ ಮಳೆ. ಅಂಥ ದಿನ ಅವರು ಗಾಡಿಯನ್ನೇ ತರುವುದಿಲ್ಲ. ತಲಾ 85,000 ಹತ್ತಿರ ಖರ್ಚಾಗಿತ್ತು.

ಎರಡನೇ ಸಲ ಅದಕ್ಕೆ ತದ್ವಿರುದ್ಧ ಮಾಡಿದೆ. ಐದು ಊಟಕ್ಕೆ ಗಂಟೆ ಲೆಕ್ಕದಲ್ಲಿ ಟೇಬಲ್ ಹಿಡಿದೆ. ಒಂದು ಊಟ ತಡವಾದರೆ ಮುಂದಿನದಕ್ಕೆ ಓಟ. ಎರಡನೇ ದಿನ ರಾತ್ರಿ ಹೆಂಡತಿ "ನನಗೆ ಸಾಕು, ನೀವೇ ಹೋಗಿ ಬನ್ನಿ" ಅಂತ ಮಲಗಿಬಿಟ್ಟಳು. ಹೊತ್ತು ಮೀರಿ ರದ್ದು ಮಾಡಿದ್ದಕ್ಕೆ ಆ ಊಟದ ಪೂರ್ತಿ ದುಡ್ಡು ಹೋಯಿತು, 9,000 ಇರಬೇಕು. ಅವತ್ತು ಹಾಸಿಗೆಯ ಮೇಲೆ ಕೂತು ಯೋಚಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ಎರಡು ಸಲವೂ ನಾನು ಅಂಗಡಿಗಳನ್ನು ಲೆಕ್ಕ ಹಾಕಿದ್ದೆ, ಹಸಿವನ್ನಲ್ಲ.

ಮೂರನೇ ಸಲ ಹಾಳೆಯ ಮೇಲೆ ಮೊದಲು ಬರೆದದ್ದು ಮುಚ್ಚಿರುವ ದಿನಗಳನ್ನು. ಆಮೇಲೆ ಯಾವ ತಿಂಡಿ ಎಷ್ಟು ಗಂಟೆ ಹೊಟ್ಟೆಯಲ್ಲಿ ಕೂರುತ್ತದೆ ಅಂತ. ಹಕಾತಾ ಅಂದರೆ ಫುಕುವೋಕಾದ ಹಳೇ ಭಾಗ. ಅಲ್ಲಿನ ಉದೊನ್, ಅಂದರೆ ದಪ್ಪ ಗೋಧಿ ನೂಡಲ್ಸ್, ತುಂಬ ಮೆತ್ತಗಿರುತ್ತದೆ, ಎರಡೂವರೆ ಗಂಟೆಗೆ ಕರಗುತ್ತದೆ. ಹಸಿ ಮೀನು ಮೂರು ಗಂಟೆ. ರಾಮೆನ್ ಐದು ಗಂಟೆಗೂ ಜಾಸ್ತಿ. ಇದೆಲ್ಲ ನಮ್ಮಿಬ್ಬರ ಹೊಟ್ಟೆಯ ಲೆಕ್ಕ. ನಿಮ್ಮದನ್ನು ಒಂದು ವಾರ ಮನೆಯಲ್ಲೇ ನೋಡಿಕೊಳ್ಳಿ. ಟೇಬಲ್ ಹಿಡಿಯುವುದು ದಿನಕ್ಕೆ ಒಂದೇ ಊಟಕ್ಕೆ. ಮಿಕ್ಕದ್ದೆಲ್ಲ ಅವೇಳೆಯಲ್ಲಿ, ಒಂದು ತಟ್ಟೆ ಇಬ್ಬರಿಗೆ. ರಾಮೆನ್ ಅಂಗಡಿಯಲ್ಲಿ, ಯಾತಾಯ್ ಗಾಡಿಯಲ್ಲಿ ಮಾತ್ರ ತಲೆಗೊಂದು ಹೇಳಲೇಬೇಕು.

ಶುಕ್ರವಾರ ರಜೆ ಹಾಕಿದೆ. ಇದೇ ದೊಡ್ಡ ಬದಲಾವಣೆ. ಬೆಳಗಿನ ವಿಮಾನದಲ್ಲಿ ಹೋಗಿ ಸೋಮವಾರ ಬೆಳಿಗ್ಗೆಯೇ ಹೊರಟೆವು. ಸೋಮವಾರ ಸಂಜೆಯ ಟಿಕೆಟ್ ಇದರ ಎರಡರಷ್ಟಿತ್ತು. ಶಿಂಕಾನ್ಸೆನ್ ಬುಲೆಟ್ ಟ್ರೈನ್‌ನಲ್ಲಿ ಹೋದರೆ ಐದು ಗಂಟೆ, ಒಂದು ಕಡೆಗೇ 23,000 ಆಸುಪಾಸು. ವಿಮಾನವೇ ವಾಸಿ, ಯಾಕೆಂದರೆ ಏರ್‌ಪೋರ್ಟ್ ಊರಿನೊಳಗೇ ಇದೆ. ಹಕಾತಾ ಸ್ಟೇಷನ್‌ಗೆ ಮೆಟ್ರೋದಲ್ಲಿ ಐದಾರು ನಿಮಿಷ ಅಷ್ಟೆ. ರೂಮಿನ ಬಗ್ಗೆ ಒಂದು ಮಾತು. ಫೆಬ್ರವರಿ 25ಕ್ಕೆ ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಶುರುವಾಗುತ್ತದೆ. ಹುಡುಗರು, ಅವರ ಅಪ್ಪ ಅಮ್ಮ ಬಂದು ರೂಮುಗಳೆಲ್ಲ ತುಂಬುತ್ತವೆ. ಅದಕ್ಕಿಂತ ಮೊದಲು ಊರು ಬಿಡಬೇಕು.

ಶುಕ್ರವಾರ ಹತ್ತು ಗಂಟೆಗೆ ಉದೊನ್, ಮೇಲೆ ಗೊಬೊ ಬೇರಿನ ಬಜ್ಜಿ. ತಿಂದು ಜೋತೆನ್‌ಜಿ ದೇವಸ್ಥಾನಕ್ಕೆ ನಡೆದೆವು. ಉದೊನ್, ಸೋಬಾ ನೂಡಲ್ಸ್ ಹುಟ್ಟಿದ ಜಾಗ ಅಂತ ಅಲ್ಲಿ ಕಲ್ಲು ನಿಲ್ಲಿಸಿದ್ದಾರೆ. 1241ರಲ್ಲಿ ಚೀನಾದಿಂದ ವಾಪಸ್ ಬಂದ ಎನ್ನಿ ಅನ್ನುವ ಸನ್ಯಾಸಿ ಹಿಟ್ಟು ಬೀಸುವ ವಿದ್ಯೆ ತಂದರು ಅನ್ನುತ್ತಾರೆ. ಅಲ್ಲಿಂದ ಯನಗಿಬಾಶಿ. ಚಿಕ್ಕ ಮಾರುಕಟ್ಟೆ, ಒಂದೇ ಉದ್ದನೆಯ ಓಣಿ. ಅವತ್ತು ತೆರೆದಿತ್ತು! ನಾನು ಕುಂದಾಪುರದವನು, ಮೀನಂಗಡಿಯ ಎದುರು ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ರಾತ್ರಿ ಗೊಮಾಸಾಬಾ. ಹಸಿ ಬಂಗುಡೆಯ ಹೋಳು, ಹುರಿದ ಎಳ್ಳು, ಅಲ್ಲಿನ ಸಿಹಿ ಸೋಯಾ ಸಾಸು. ಬಂಗುಡೆಯನ್ನು ಹಸಿಯಾಗಿ ತಿನ್ನುವುದೇ ಅಂತ ನನ್ನ ಅಮ್ಮ ಫೋನಿನಲ್ಲಿ ಬೈದರು. ಆದರೆ ಆ ರುಚಿಯನ್ನು ನಾನು ಟೋಕಿಯೋದಲ್ಲಿ ಎಲ್ಲೂ ಕಂಡಿಲ್ಲ. ಅಂಗಡಿಯಲ್ಲಿ ಎಂಟೇ ಸೀಟು. ಹೆಸರು ಹೇಳುವುದಿಲ್ಲ, ಕ್ಷಮಿಸಿ. ನನಗೇ ಮುಂದಿನ ಸಲ ಜಾಗ ಸಿಗಬೇಕು. ಒಂಬತ್ತೂವರೆಗೆ ಯಾತಾಯ್. ಊರಲ್ಲಿ ಇಂಥ ಗಾಡಿ ನೂರರಷ್ಟಿವೆ. ನಕಾಸು ಬಡಾವಣೆಯ ನದಿದಡದ ಸಾಲಿನಲ್ಲಿ ಪ್ರವಾಸಿಗಳು ಜಾಸ್ತಿ. ತೆನ್‌ಜಿನ್ ಪೇಟೆ ಕಡೆ ನಡೆದರೆ ಬೇಗ ಕೂರಬಹುದು. ತಲೆಗೆ ಒಂದಾದರೂ ತಿಂಡಿ ಹೇಳಬೇಕು, ತಿಂದು ಏಳಬೇಕು. ಮಳೆಯ ಮುನ್ಸೂಚನೆ ಇದ್ದದ್ದು ಶನಿವಾರಕ್ಕೆ. ಹಾಗಾಗಿ ಯಾತಾಯ್ ಅನ್ನು ಮೊದಲ ರಾತ್ರಿಗೇ ಇಟ್ಟೆ. ಶನಿವಾರ ನಿಜಕ್ಕೂ ಸುರಿಯಿತು.

ಆ ಶನಿವಾರ ಪಕ್ಕದ ಇತೊಶಿಮಾಕ್ಕೆ ಹೋದೆವು. ಚಳಿಗಾಲದಲ್ಲಿ ಅಲ್ಲಿನ ಬಂದರುಗಳಲ್ಲಿ ಸಿಂಪಿ ಸುಟ್ಟು ತಿನ್ನುವ ಗುಡಿಸಲು ಹಾಕುತ್ತಾರೆ, ಕಾಕಿಗೋಯಾ ಅಂತ. ಕಾರಿಲ್ಲದವರು ಕಫುರಿ ಬಂದರಿಗೆ ಹೋಗಿ, ರೈಲು ಇಳಿದು ನಡೆದೇ ತಲುಪಬಹುದು. ಕಿಲೋಗೆ ಸಾವಿರದ ಚಿಲ್ಲರೆ ಯೆನ್, ಕೆಂಡಕ್ಕೆ ಬೇರೆ ದುಡ್ಡು. ಸುಡುವುದು ನಾವೇ. ಮೊದಲು ಚಪ್ಪಟೆ ಬದಿ ಕೆಂಡಕ್ಕೆ, ಆಮೇಲೆ ತಿರುವಿ ಹಾಕಬೇಕು. ಆಗ ಗುಳಿಯಲ್ಲಿ ರಸ ಉಳಿಯುತ್ತದೆ. ಚಿಪ್ಪು ಪಟ್ಟನೆ ಸಿಡಿಯುತ್ತದೆ, ಅವರು ಕೊಡುವ ಜಾಕೆಟ್ ಹಾಕಿಕೊಳ್ಳಿ. ಕೆಲವು ಗುಡಿಸಲುಗಳಲ್ಲಿ ನಮ್ಮ ಮಸಾಲೆ ತರಲು ಬಿಡುತ್ತಾರೆ, ಕೇಳಿ ನೋಡಿ. ನಾನು ಚಿಕ್ಕ ಡಬ್ಬಿಯಲ್ಲಿ ಘೀ ರೋಸ್ಟ್ ಮಸಾಲೆ ಒಯ್ದಿದ್ದೆ. ಬ್ಯಾಡಗಿ ಮೆಣಸು, ಹುಣಸೆ, ತುಪ್ಪ. ಇನ್ನೊಂದು ಸಾಮಾನಿತ್ತು, ಅದು ಮನೆಯ ಗುಟ್ಟು. ಬಾಯಿ ಬಿಡುತ್ತಿದ್ದಂತೆ ಹಾಕಿದ ಮೊದಲ ನಾಲ್ಕು ಸಿಂಪಿ ಸೀದು ಕಹಿಯಾದವು. ಆಮೇಲೆ ಪೂರ್ತಿ ಬೆಂದ ಮೇಲೆ ಅರ್ಧ ಚಮಚ, ಅರ್ಧ ನಿಮಿಷ. ಪಕ್ಕದ ಮೇಜಿನ ಅಜ್ಜ ಒಂದು ಕೇಳಿ ತಿಂದರು, ಇನ್ನೊಂದು ಕೇಳಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಡ.

ರಾಮೆನ್‌ಗೆ ಭಾನುವಾರ ಮಧ್ಯಾಹ್ನ ಮೂರು ಗಂಟೆ. ಸಾಲೇ ಇರಲಿಲ್ಲ. ನೂಡಲ್ಸ್ ಗಟ್ಟಿಯಾಗಿ ಹೇಳಿ, ಸಾರು ಅರ್ಧ ಬಿಡಿ, ಕಾಯೆದಾಮಾ ಬೇಡವೇ ಬೇಡ. ರಾತ್ರಿ ಎಂಟೂವರೆಗೆ ಮಿಜುತಾಕಿ, ಅಂದರೆ ಕೋಳಿಯ ಬಿಳಿ ಸಾರು. ಅವತ್ತು ಹಿಡಿದಿದ್ದ ಟೇಬಲ್ ಇದೇ. ಮೊತ್ಸುನಾಬೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಹೆಚ್ಚಾಗಿ ದನದ ಕರುಳು, ನಾವು ತಿನ್ನುವುದಿಲ್ಲ. ಮಿಜುತಾಕಿ ಇರುವಾಗ ಅದರ ಕೊರತೆ ಕಾಣಲಿಲ್ಲ.

ಎರಡನೇ ಪ್ರವಾಸದಲ್ಲಿ ರೂಮ್ ದುಬಾರಿ ಅಂತ ಒಂದು ರಾತ್ರಿ ಹತ್ತಿರದ ಕುರುಮೆ ಊರಿನಲ್ಲಿ ಉಳಿದಿದ್ದೆವು. ಸುಮಾರು 4,000 ಉಳಿಯಿತು, ರೈಲಿಗೆ ಒಂದಿಷ್ಟು ಹೋಯಿತು. ಆದರೆ ತೊಂಕೋತ್ಸು ಹುಟ್ಟಿದ್ದೇ ಅಲ್ಲಿ, 1937ರ ಒಂದು ಗಾಡಿಯಲ್ಲಿ. ಅಲ್ಲಿನ ಸಾರು ಹಕಾತಾದ್ದಕ್ಕಿಂತ ಖಡಕ್ಕು. ರಾಮೆನ್ ಒಂದೇ ಗುರಿಯಾಗಿದ್ದರೆ ಕುರುಮೆಗೇ ಹೋಗಿ.

ತಲಾ ಖರ್ಚು ನೆನಪಿನಿಂದ ಹೇಳುತ್ತೇನೆ. ವಿಮಾನ 21,000, ಮೂರು ರಾತ್ರಿ ರೂಮಿನ ಪಾಲು 18,000, ಊಟ 16,000, ಓಡಾಟ 3,000. ಮೆಂತೈಕೊ ಇದರಲ್ಲಿ ಸೇರಿಲ್ಲ.

ಮೆಂತೈಕೊ ಅಂದರೆ ಮೆಣಸು ಹಾಕಿ ನೆನೆಸಿಟ್ಟ ಮೀನಿನ ಮೊಟ್ಟೆ. ಕೊರಿಯಾದ ಅಡುಗೆಯಿಂದ ಬಂದದ್ದು. 1949ರಲ್ಲಿ ನಕಾಸುವಿನ ಅಂಗಡಿಯೊಂದರಲ್ಲಿ ಮಾರಲು ಶುರು ಮಾಡಿದ ತೊಶಿಯೊ ಕವಾಹಾರಾ ಪೇಟೆಂಟ್ ಮಾಡಿಸದೆ, ಕೇಳಿದವರಿಗೆಲ್ಲ ವಿಧಾನ ಹೇಳಿಕೊಟ್ಟರಂತೆ. ಅದಕ್ಕೇ ಇವತ್ತು ಊರ ತುಂಬ ಸಿಗುತ್ತದೆ. ಐಸ್ ಚೀಲದಲ್ಲಿ ಎರಡು ಡಬ್ಬಿ ತಂದೆವು. ಮಂಗಳವಾರ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಬದಲು ಅದನ್ನೇ ಹಾಕಿಕೊಂಡೆ. ಎರಡನೇ ಡಬ್ಬಿ ಮಂಡ್ಯದ ಗೆಳೆಯರಿಗೆ ಕೊಟ್ಟೆ. ಹಾಳೆಯ ಫೋಟೋ ಕಳಿಸಿ ಅಂತ ಅವತ್ತು ರಾತ್ರಿಯೇ ಕೇಳಿದರು. ಗೊಮಾಸಾಬಾದ ಸಾಲು ಮರೆಸಿ ಕಳಿಸಿದ್ದೇನೆ.