ಆಡುವ ಚಪ್ಪಡಿಯಿಂದ ಶುರುವಾದ ರಸ್ತೆ ಕೆಲಸ: ನನ್ನ ಅನುಭವ

ಕೋಲಾರ ಜಿಲ್ಲೆಯ ಒಂದು ಪುರಸಭೆಯಲ್ಲಿ ನಾನು ಕಿರಿಯ ಎಂಜಿನಿಯರ್ ಆಗಿದ್ದಾಗ, ಬಸ್ ನಿಲ್ದಾಣದಿಂದ ಸರ್ಕಾರಿ ಪ್ರೌಢಶಾಲೆಯವರೆಗಿನ ಸುಮಾರು ಆರುನೂರು ಮೀಟರ್ ರಸ್ತೆಯನ್ನು ನಡೆದು ಹೋಗುವವರಿಗೆ ಸುರಕ್ಷಿತಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕೋಲಾರದ ಎಪಿಎಂಸಿಯ ಹರಾಜಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕೆಂದು ಓಡುವ ಟೊಮ್ಯಾಟೊ ಕ್ರೇಟಿನ ಪಿಕಪ್‌ಗಳು, ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಕಟ್ಟಿಕೊಂಡು ಮರಳುವ ಬೈಕುಗಳು, ಶಾಲಾ ವ್ಯಾನುಗಳು, ಹಳ್ಳಿ ಬಸ್ಸು ಇಳಿದು ನಡೆದು ಬರುವ ಮಕ್ಕಳು, ಇವರೆಲ್ಲ ಬೆಳಗಿನ ಎರಡು ಗಂಟೆಗಳ ಅವಧಿಯಲ್ಲಿ ಅದೇ ರಸ್ತೆಯನ್ನು ಹಂಚಿಕೊಳ್ಳುತ್ತಿದ್ದರು. ಕಡತದಲ್ಲಿ ಇದ್ದ ಅಂದಾಜು ಪಟ್ಟಿಯಾದರೋ ‘ನಿಧಾನವಾಗಿ ಚಲಿಸಿ’ ಎಂಬ ಆರು ಫಲಕಗಳಿಗೆ ಮತ್ತು ಎರಡು ಜೀಬ್ರಾ ಪಟ್ಟೆಗಳಿಗೆ ಸೀಮಿತವಾಗಿತ್ತು. ಅದಕ್ಕೆ ಸಹಿ ಹಾಕುವ ಮೊದಲು ಒಂದು ವಾರ ರಸ್ತೆಯಲ್ಲೇ ನಿಂತು ನೋಡುತ್ತೇನೆ ಎಂದು ಮುಖ್ಯಾಧಿಕಾರಿಗಳಲ್ಲಿ ಕೇಳಿಕೊಂಡೆ.

ಎರಡನೆಯ ದಿನವೇ ಕಣ್ಣಿಗೆ ಬಿದ್ದ ಸಂಗತಿ ವಾಹನಗಳಿಗೆ ಸಂಬಂಧಿಸಿದ್ದಾಗಿರಲಿಲ್ಲ. ರಸ್ತೆಯ ಎರಡೂ ಬದಿಗೆ ಕಲ್ಲು ಚಪ್ಪಡಿ ಮುಚ್ಚಿದ ಚರಂಡಿಯಿದ್ದು, ನಮ್ಮ ದಾಖಲೆಗಳಲ್ಲಿ ಅದೇ ಪಾದಚಾರಿ ಮಾರ್ಗ ಎಂದು ನಮೂದಾಗಿತ್ತು; ಆದರೆ ಅದರ ಮೇಲೆ ನಡೆಯುವವರು ಬಹಳ ಕಡಿಮೆ. ಸೊಪ್ಪಿನ ಮಂಕರಿ ಹೊತ್ತು ಡಾಂಬರಿನ ಅಂಚಿನಲ್ಲೇ ಬರುತ್ತಿದ್ದ ಒಬ್ಬ ವೃದ್ಧೆಯನ್ನು, “ಯಾಕಮ್ಮಾ, ಚಪ್ಪಡಿ ಮೇಲೆ ಬರಬಾರದೇ?” ಎಂದು ಕೇಳಿದೆ. “ಕಲ್ಲು ಆಡ್ತದೆ ಸಾರ್. ಗಾಡಿಯಾದ್ರೆ ಹಾರನ್ ಹೊಡೀತದೆ, ಕಲ್ಲು ಹೊಡೀತದಾ?” ಎಂದರು. ಅಂದು ಸಂಜೆ ಎಡಬದಿಯ ಚಪ್ಪಡಿಗಳನ್ನು ಒಂದೊಂದಾಗಿ ಕಾಲಿನಿಂದ ಒತ್ತಿ ನೋಡುತ್ತಾ ನಡೆದೆ. ಮೂರರಲ್ಲಿ ಒಂದಾದರೂ ಅಲ್ಲಾಡುತ್ತಿತ್ತು. ಕೆಲವೆಡೆ ಕಲ್ಲೇ ಇರಲಿಲ್ಲ.

ಕಾರಣ ತಿಳಿಯಲು ಪೌರಕಾರ್ಮಿಕರ ಜೊತೆ ಎರಡು ಬೆಳಗು ಕಳೆಯಬೇಕಾಯಿತು. ಹೂಳು ತೆಗೆಯಲು ಅವರು ಹಾರೆಯಿಂದ ಚಪ್ಪಡಿಯನ್ನು ಮೀಟಿ ಎಬ್ಬಿಸುತ್ತಾರೆ. ಮೀಟುವಾಗ ಗೋಡೆಯ ಅಂಚಿನ ಗಾರೆ ಒಡೆಯುತ್ತದೆ. ತೆಗೆದ ಹೂಳು ಆರಲಿ ಎಂದು ಪಕ್ಕದಲ್ಲೇ ಗುಡ್ಡೆ ಹಾಕಿ, ಟ್ರ್ಯಾಕ್ಟರ್ ಬಂದ ಮೇಲೆ ಕಲ್ಲನ್ನು ಒಡೆದ ಅಂಚಿನ ಮೇಲೆಯೇ ಮತ್ತೆ ಇಡುತ್ತಾರೆ. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಇದು ನಡೆಯುವುದರಿಂದ, ಎಷ್ಟು ಚೆನ್ನಾಗಿ ಹಾಸಿದರೂ ಎರಡು ವರ್ಷದಲ್ಲಿ ಚಪ್ಪಡಿ ಆಡತೊಡಗುತ್ತದೆ. ಅವರನ್ನು ದೂರುವುದು ಸುಲಭ, ಆದರೆ ಕಲ್ಲೆತ್ತದೆ ಹೂಳೆತ್ತುವ ದಾರಿಯನ್ನು ನಮ್ಮ ನಕ್ಷೆಗಳೇ ಅವರಿಗೆ ಕೊಟ್ಟಿರಲಿಲ್ಲ.

ಆದ್ದರಿಂದ ಹಣದ ದೊಡ್ಡ ಪಾಲನ್ನು ಚರಂಡಿಗೇ ತಿರುಗಿಸಿದೆವು. ಒಡೆದ ಗೋಡೆಯಂಚನ್ನು ಕಾಂಕ್ರೀಟಿನಿಂದ ಒಂದೇ ಮಟ್ಟಕ್ಕೆ ತಂದು, ಹಳೆಯ ಕಲ್ಲುಗಳನ್ನೇ ಕೆತ್ತಿಸಿ ಗಾರೆಯಲ್ಲಿ ಭದ್ರವಾಗಿ ಕೂರಿಸಿ, ನಡುನಡುವೆ ಮಾತ್ರ ಎತ್ತಲು ಬರುವ ಆರ್‌ಸಿಸಿ ಮುಚ್ಚಳಗಳನ್ನು ಇಟ್ಟೆವು. ಕಾಲಿಗೆ ತೊಡರದಂತೆ ಅವುಗಳ ಕೊಂಡಿಗಳನ್ನು ಗುಳಿಯೊಳಗೆ ಹುದುಗಿಸಿದೆವು. ಮುಚ್ಚಳ ಹತ್ತು ಮೀಟರಿಗೊಂದು ಎಂದು ನಾನು ಬರೆದಿದ್ದೆ. ಸ್ವಚ್ಛತಾ ಮೇಸ್ತ್ರಿ ನಕ್ಷೆಯನ್ನು ನೋಡಲಿಲ್ಲ, ಸಲಿಕೆಯನ್ನು ಚರಂಡಿಯೊಳಗೆ ಚಾಚಿ ತೋರಿಸಿ, “ಇದರ ಹಿಡಿ ಎಷ್ಟು ದೂರ ಹೋಗುತ್ತೆ ಸಾರ್?” ಎಂದರು. ಅಂತರ ಮೂರು ಮೀಟರಿಗೆ ಇಳಿಯಿತು. ನಡೆಯಲು ಕನಿಷ್ಠ 1.8 ಮೀಟರ್ ಅಡಚಣೆಯಿಲ್ಲದ ಅಗಲ ಇರಬೇಕೆಂದು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಪಾದಚಾರಿ ಮಾರ್ಗಸೂಚಿ, ಐಆರ್‌ಸಿ 103, ಹೇಳುತ್ತದೆ. ಚಪ್ಪಡಿಯ ಅಗಲಕ್ಕೆ ಪಕ್ಕದ ಮಣ್ಣಿನ ಪಟ್ಟಿಯನ್ನೂ ಸೇರಿಸಿಕೊಂಡಾಗ ಬಹುಪಾಲು ಕಡೆ ಅಷ್ಟು ಅಗಲ ದೊರೆಯಿತು. ಅಡ್ಡರಸ್ತೆ ಬಂದಲ್ಲೆಲ್ಲ 1:12ರ ಇಳಿಜಾರು ಮಾಡಿದ್ದರಿಂದ ಗಾಲಿಕುರ್ಚಿಗೂ ದಾರಿಯಾಯಿತು.

ವೇಗದ ವಿಷಯಕ್ಕೆ ಬರುತ್ತೇನೆ. ರಾಡಾರ್ ಯಂತ್ರ ನಮ್ಮಲ್ಲಿರಲಿಲ್ಲ. ಟೀ ಅಂಗಡಿಯ ಮುಂದೆ ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಸುಣ್ಣದ ಗೆರೆ ಎಳೆದು ಮೊಬೈಲಿನಲ್ಲಿ ಸಮಯ ನೋಡಿದೆ: ಒಂದೂವರೆ ಸೆಕೆಂಡಿನಲ್ಲಿ ದಾಟಿದ ವಾಹನದ ವೇಗ ಗಂಟೆಗೆ 48 ಕಿಲೋಮೀಟರ್, ಎರಡೂವರೆ ಸೆಕೆಂಡಾದರೆ ಸುಮಾರು 29. ಶಾಲೆಯ ಮುಂದೆ ಪಿಕಪ್‌ಗಳು ಹೆಚ್ಚಾಗಿ ಮೊದಲನೆಯ ಗುಂಪಿನವು. ಏಳೂವರೆ ಮೀಟರ್ ಡಾಂಬರನ್ನು ದಾಟಲು ಆ ವೃದ್ಧೆಗೆ ಹತ್ತು ಸೆಕೆಂಡು ಬೇಕಾಗುತ್ತಿತ್ತು, ಅಷ್ಟರಲ್ಲಿ 50ರ ವೇಗದ ವಾಹನ 139 ಮೀಟರ್ ಬಂದಿರುತ್ತದೆ. ಅಂದರೆ ಅವರು ಹೆಜ್ಜೆ ಇಡುವಾಗ ಆ ವಾಹನ ತಿರುವಿನಾಚೆ, ಕಣ್ಣಿಗೆ ಕಾಣದ ಕಡೆ ಇರುತ್ತದೆ. ಡಿಕ್ಕಿಯ ಪೆಟ್ಟು ವೇಗದ ವರ್ಗದಂತೆ ಏರುವುದರಿಂದ, 30ಕ್ಕೆ ಹೋಲಿಸಿದರೆ 50ರ ವೇಗದಲ್ಲಿ ವಾಹನದ ಚಲನಶಕ್ತಿ ಎರಡೂ ಮುಕ್ಕಾಲು ಪಟ್ಟು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಪೋಷಕರ ಒತ್ತಾಯಕ್ಕೆ ಮಣಿದು, ಶಾಲೆಯ ಮುಂದೆ ಒಂದೇ ರಾತ್ರಿಯಲ್ಲಿ ಹಂಪ್ ಹಾಕಿಸಿದೆ. ಅಳತೆಯಿಲ್ಲ, ಬಣ್ಣವಿಲ್ಲ, ಎರಡು ಅಡಿ ಅಗಲದ ಡಾಂಬರಿನ ದಿಂಡು ಅಷ್ಟೆ. ನಾಲ್ಕನೆಯ ದಿನ ಬೈಕಿನ ಹಿಂಬದಿಯಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು ಕುಳಿತಿದ್ದ ಒಬ್ಬ ಹೆಂಗಸು ಅಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಯಾರೂ ನನ್ನನ್ನು ಪ್ರಶ್ನಿಸಲಿಲ್ಲ, ಆದರೆ ವಿನ್ಯಾಸದ ಮಾನದಂಡ ಮೀರಿದ ಅಧಿಕಾರಿಯನ್ನೂ ಗುತ್ತಿಗೆದಾರನನ್ನೂ ಹೊಣೆಯಾಗಿಸಿ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡುವ 198ಎ ಕಲಮನ್ನು 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದೆ ಎಂಬುದು ನನಗೆ ಗೊತ್ತಿತ್ತು. ಮರುದಿನವೇ ಆ ಹಂಪನ್ನು ಕೆತ್ತಿ ತೆಗೆಸಿದೆ.

ಐಆರ್‌ಸಿ 99ರಲ್ಲಿರುವ ಹಂಪ್ ಬೇರೆಯೇ ವಸ್ತು. 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು, 3.7 ಮೀಟರ್ ಅಗಲ, ನೆತ್ತಿಯಲ್ಲಿ 10 ಸೆಂಟಿಮೀಟರ್ ಎತ್ತರ. 25 ಕಿಲೋಮೀಟರ್ ವೇಗದಲ್ಲಿ ಬಂದವರಿಗೆ ತೊಂದರೆ ಕೊಡದ, ಅದಕ್ಕಿಂತ ವೇಗವಾಗಿ ಬಂದವರಿಗೆ ಸೊಂಟ ಅಲುಗಿಸುವ ಆಕಾರ ಅದು. ಈ ಸಂಖ್ಯೆಗಳನ್ನು ಹೇಳಿದರೆ ರೋಲರ್ ನಡೆಸುವವರಿಗೆ ಏನೂ ಹೊಳೆಯುವುದಿಲ್ಲವಾದ್ದರಿಂದ, ಪ್ಲೈವುಡ್ಡಿನಲ್ಲಿ ಅದೇ ಆಕಾರದ ಅಚ್ಚು ಕತ್ತರಿಸಿದೆವು: ನಡುವಿನಿಂದ ಒಂದು ಮೀಟರ್ ದೂರದಲ್ಲಿ ಎತ್ತರ 7 ಸೆಂಟಿಮೀಟರ್, ಒಂದೂವರೆ ಮೀಟರಿನಲ್ಲಿ ಮೂರೂವರೆ. ಡಾಂಬರು ಬಿಸಿಯಿರುವಾಗಲೇ ಅಚ್ಚನ್ನು ಅಡ್ಡ ಹಿಡಿದು, ಬೆಳಕು ಕಂಡ ಕಡೆ ಡಾಂಬರು ಮಿಶ್ರಣ ತುಂಬಿ, ಎತ್ತಿ ನಿಂತ ಕಡೆ ಕೆರೆದೆವು. ಇದಕ್ಕೆ ತಗುಲಿದ ಹೆಚ್ಚುವರಿ ಖರ್ಚು ಒಂದು ಪ್ಲೈವುಡ್ ಹಾಳೆ. ರಸ್ತೆ ಲೋಕೋಪಯೋಗಿ ಇಲಾಖೆಯದಾಗಿದ್ದರಿಂದ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಈ ಬಾರಿ ಮೊದಲೇ ವಿಷಯ ಮಂಡಿಸಿದ್ದೆ.

ಬಸ್ ನಿಲ್ದಾಣದ ತಿರುವಿನಲ್ಲಿ ಮಾತ್ರ ಏನನ್ನೂ ಕಟ್ಟುವ ಮುನ್ನ ಮರಳಿನ ಚೀಲಗಳನ್ನು ಜೋಡಿಸಿ ಹತ್ತು ದಿನ ನೋಡಿದೆವು. ಮೂಲೆ ಬಹಳ ದುಂಡಗಿದ್ದುದರಿಂದ ವಾಹನಗಳು ವೇಗ ತಗ್ಗಿಸದೆ ತಿರುಗುತ್ತಿದ್ದವು. ಮೂಲೆಯನ್ನು ಬಿಗಿಗೊಳಿಸಿದರೆ ದಾಟುವ ದೂರವೂ ಕಡಿಮೆಯಾಗುತ್ತದೆ. ಮೊದಲ ದಿನವೇ ಬಸ್ಸಿನ ಹಿಂಚಕ್ರ ಎರಡು ಚೀಲಗಳನ್ನು ಒಡೆಯಿತು. ಚಾಲಕರನ್ನು ಇಳಿಸಿ ಕೇಳಿ, ಅವರು ತೋರಿಸಿದಂತೆ ಸಾಲನ್ನು ಎರಡಡಿ ಹಿಂದಕ್ಕೆ ಸರಿಸಿದೆವು. ಕಲ್ಲಿನಲ್ಲಿ ಕಟ್ಟಿದ್ದರೆ ಒಡೆಯಲು ಮತ್ತೊಂದು ಟೆಂಡರ್ ಬೇಕಾಗುತ್ತಿತ್ತು.

ಹೂವು, ಎಳನೀರು ಮಾರುವವರನ್ನು ಎತ್ತಂಗಡಿ ಮಾಡಿಸಬೇಕೆಂದು ಪುರಸಭೆಯ ಕೆಲವು ಸದಸ್ಯರು ಪಟ್ಟು ಹಿಡಿದರು. ನಾನು ಒಪ್ಪಲಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು; ಅವರ ಜೊತೆ ಕುಳಿತು, ನಡಿಗೆಯ ಪಟ್ಟಿಯನ್ನು ಬಿಟ್ಟು ರಸ್ತೆಯಂಚಿಗೆ ಗಾಡಿಗಳ ಜಾಗ ಗುರುತಿಸಿದೆವು. ಸಂಜೆ ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಹೊಸ ಎಲ್‌ಇಡಿ ದೀಪಗಳಿಗಿಂತ ಆ ಗಾಡಿಗಳ ಸಾಲೇ ಹೆಚ್ಚು ಧೈರ್ಯ ಕೊಟ್ಟಿತೆಂದು ನನ್ನ ಅನಿಸಿಕೆ. ದೀಪಗಳ ವಿಷಯದಲ್ಲಿ ಮಾಡಿದ್ದು ಇಷ್ಟೇ: ಕಂಬದ ಬೆಳಕನ್ನು ಮುಚ್ಚಿದ್ದ ಹೊಂಗೆಯ ಕೊಂಬೆಗಳನ್ನು ಸವರಿಸಿ, ಕೆಲವು ದೀಪಗಳನ್ನು ಚಪ್ಪಡಿಯ ಕಡೆಗೆ ತಿರುಗಿಸಿದೆವು.

ಕೆಲಸ ಮುಗಿದ ಮೇಲೆ ಅದೇ ಟೀ ಅಂಗಡಿಯ ಮುಂದೆ ಮತ್ತೆ ಸುಣ್ಣದ ಗೆರೆ ಎಳೆದೆ. ಹೆಚ್ಚಿನ ಪಿಕಪ್‌ಗಳಿಗೆ ಈಗ ಎರಡೂವರೆ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿತ್ತು. ಉಳಿದಿರುವುದು ಒಂದು ಟ್ರಾನ್ಸ್‌ಫಾರ್ಮರ್. ಅದು ಚಪ್ಪಡಿಯ ನಟ್ಟನಡುವೆ ನಿಂತಿದೆ. ಸ್ಥಳಾಂತರದ ಅಂದಾಜು ಮೊತ್ತ ಕಟ್ಟಲು ನಿರ್ಣಯವಾಗಿದೆ, ಮೊತ್ತ ಇನ್ನೂ ಬಿಡುಗಡೆಯಾಗಿಲ್ಲ. ಅಲ್ಲಿಯವರೆಗೆ ಅದರ ಸುತ್ತ ಬಿಳಿ ಗೆರೆ ಬಳಿಸಿ, ಡಾಂಬರಿನ ಕಡೆ ಪ್ರತಿಫಲಕ ಅಂಟಿಸಿದ ಐದು ಗೂಟ ನೆಡಿಸಿದ್ದೇನೆ. ಗೂಟಗಳ ಒಳಗೆ ಮಕ್ಕಳು ಹನ್ನೆರಡು ಹೆಜ್ಜೆ ರಸ್ತೆಯಲ್ಲೇ ನಡೆದು ಮತ್ತೆ ಚಪ್ಪಡಿ ಹತ್ತುತ್ತಾರೆ.