ಪೋಸ್ಟ್‌ಗ್ರೆಸ್ 12ರಿಂದ 16ಕ್ಕೆ: ಕ್ಯೂರಿಂಗ್ ಲೆಕ್ಕದ ಡೇಟಾಬೇಸ್ ಬ್ಯಾಕಪ್ ಮಾಡಿದ ಬಗೆ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ (ಸಂಸ್ಕರಣೆ) ಘಟಕವೊಂದರ ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ: ವೇಬ್ರಿಜ್ ತೂಕ, ಬೆಳೆಗಾರರ ಖಾತೆ, ಪಾರ್ಚ್‌ಮೆಂಟ್ ಮತ್ತು ಚೆರ್ರಿಯ ಔಟ್‌ಟರ್ನ್ (ಕ್ಯೂರಿಂಗ್ ಆದ ಮೇಲೆ ಸಿಗುವ ಬೀಜದ ಪ್ರಮಾಣ), ರಸೀದಿ. 12ನೇ ಆವೃತ್ತಿಗೆ 2024ರ ನವೆಂಬರ್‌ನಲ್ಲೇ ಬೆಂಬಲ ನಿಂತಿತು. ಅದನ್ನು 16ಕ್ಕೆ ಏರಿಸುವ ಮುನ್ನ ಬ್ಯಾಕಪ್ ಹೇಗೆ ತೆಗೆದುಕೊಂಡೆ ಎಂಬುದನ್ನು ಬರೆಯುತ್ತಿದ್ದೇನೆ. 12ರೊಳಗಿನ ಸಣ್ಣ ಅಪ್‌ಡೇಟ್‌ಗಳಲ್ಲಿ ಪ್ರೋಗ್ರಾಂ ಮಾತ್ರ ಬದಲಾಗುತ್ತದೆ. 12ರಿಂದ 16ಕ್ಕೆ ಹೋಗುವಾಗ ಡೇಟಾ ಡೈರೆಕ್ಟರಿಯ ಒಳರಚನೆಯೇ ಬೇರೆ. ಹಳೆಯ ಡೈರೆಕ್ಟರಿ ಕೊಟ್ಟರೆ ಹೊಸ ಸರ್ವರ್ ಶುರುವಾಗುವುದೇ ಇಲ್ಲ.

ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವವರೆಗೂ ವೇಬ್ರಿಜ್‌ಗೆ ಬಿಡುವಿಲ್ಲ. ಹಾಗಾಗಿ ಈ ಕೆಲಸಕ್ಕೆ ಮಳೆಗಾಲವೇ ಸರಿ, ಅದರಲ್ಲೂ 20ನೇ ತಾರೀಖಿನ ಜಿಎಸ್‌ಟಿ ರಿಟರ್ನ್ ಮುಗಿದ ಮೇಲೆ. ಆದರೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಸರ್ವರ್ ಜೊತೆಗೆ ಬ್ಯಾಕಪ್ ಬರೆಯುವ ಹಾರ್ಡ್ ಡಿಸ್ಕ್‌ಗೂ ಯುಪಿಎಸ್ ಇರಲೇಬೇಕು.

ಡಂಪ್, ಅಂದರೆ ಡೇಟಾಬೇಸನ್ನು ಫೈಲಿಗೆ ಇಳಿಸಿದ ನಕಲು, ತೆಗೆಯಲು ಹೊಸ ಆವೃತ್ತಿಯ ಪಿಜಿ_ಡಂಪ್ ಆದೇಶ ಬಳಸಿ. 16ರದ್ದು 12ರ ಸರ್ವರನ್ನು ಓದಬಲ್ಲದು, 12ರದ್ದು 16ನ್ನು ಓದಲಾರದು. ಒಂದೇ ಯಂತ್ರದಲ್ಲಿ ಎರಡೂ ಇದ್ದರೆ ಪೂರ್ತಿ ಪಾತ್ ಕೊಟ್ಟು ಕರೆಯುವುದು ಒಳ್ಳೆಯದು. ನಾನು ಆರಿಸಿದ್ದು ಕಸ್ಟಮ್ ಫಾರ್ಮ್ಯಾಟ್, ಅಂದರೆ 'ಎಫ್‌ಸಿ' ಆಯ್ಕೆ. ಅದು ಕುಗ್ಗಿಸಿಯೇ ಬರೆಯುತ್ತದೆ, ಬೇಕಾದ ಟೇಬಲ್ ಒಂದನ್ನೇ ಹೊರತೆಗೆಯಬಹುದು, ರೀಸ್ಟೋರ್ ಮಾಡುವಾಗ (ಡಂಪನ್ನು ಮತ್ತೆ ಡೇಟಾಬೇಸ್‌ಗೆ ತುಂಬುವಾಗ) ಹಲವು ಜಾಬ್‌ಗಳನ್ನು ಒಟ್ಟಿಗೆ ಓಡಿಸಬಹುದು. ಡಂಪ್ ತೆಗೆಯುವಾಗಲೇ ಹಲವು ಜಾಬ್ ಬೇಕಿದ್ದರೆ ಡೈರೆಕ್ಟರಿ ಫಾರ್ಮ್ಯಾಟ್ ಬೇಕು.

ಪಿಜಿ_ಡಂಪ್ ಒಂದು ಡೇಟಾಬೇಸನ್ನು ಮಾತ್ರ ಹಿಡಿಯುತ್ತದೆ. ಯೂಸರ್‌ಗಳು, ಅವರ ಪಾಸ್‌ವರ್ಡ್, ಟೇಬಲ್‌ಸ್ಪೇಸ್ (ಟೇಬಲ್‌ಗಳನ್ನು ಇಡುವ ಡಿಸ್ಕ್ ಜಾಗ) ಅದರಲ್ಲಿ ಬರುವುದಿಲ್ಲ. ಅವಕ್ಕೆ ಪಿಜಿ_ಡಂಪ್‌ಆಲ್‌ನ 'ಗ್ಲೋಬಲ್ಸ್-ಓನ್ಲಿ' ಬೇರೆಯಾಗಿ ತೆಗೆಯಬೇಕು. ಕಾನ್ಫಿಗ್ ಫೈಲುಗಳು ಮತ್ತು ಕ್ರಾನ್‌ಟ್ಯಾಬ್ (ನಿಗದಿತ ಸಮಯಕ್ಕೆ ಓಡುವ ಕೆಲಸಗಳ ಪಟ್ಟಿ) ಇವೆರಡರಲ್ಲೂ ಇರುವುದಿಲ್ಲ, ಕೈಯಾರೆ ನಕಲು ಮಾಡಿಕೊಳ್ಳಿ. ಎಕ್ಸ್‌ಟೆನ್ಷನ್‌ಗಳ (ಹೆಚ್ಚುವರಿ ಸೌಲಭ್ಯಗಳ) ಹೆಸರಷ್ಟೇ ಡಂಪ್‌ನಲ್ಲಿರುತ್ತದೆ. ಹೊಸ ಆವೃತ್ತಿಗೆ ಅವುಗಳ ಪ್ಯಾಕೇಜ್ ಮೊದಲೇ ಹಾಕಿರದಿದ್ದರೆ ರೀಸ್ಟೋರ್ ಅಲ್ಲೇ ತಪ್ಪುತ್ತದೆ.

ಡಂಪ್ ಶುರುವಾದ ಕ್ಷಣದ ಸ್ಥಿತಿಯನ್ನೇ ಪಿಜಿ_ಡಂಪ್ ಕೊನೆಯವರೆಗೂ ಹಿಡಿದಿಡುತ್ತದೆ. ಯಾರಾದರೂ ಕೆಲಸ ಮಾಡುತ್ತಿದ್ದರೂ ಡಂಪ್ ಕೆಡುವುದಿಲ್ಲ, ನಿಜ. ಆದರೆ ಆಮೇಲೆ ಸೇರಿದ ತೂಕದ ಚೀಟಿ ಅದರಲ್ಲಿರುವುದಿಲ್ಲ. ಆದ್ದರಿಂದ ಕೊನೆಯ ಡಂಪ್‌ಗೆ ಮುನ್ನ ಯಾರು ಸಂಪರ್ಕಿಸಬಹುದೆಂದು ಹೇಳುವ ಪಿಜಿ_ಎಚ್‌ಬಿಎ ಫೈಲಿನಲ್ಲಿ ಆ್ಯಪ್‌ನ ಯೂಸರ್‌ಗೆ 'ರಿಜೆಕ್ಟ್' ಎಂದು ಬರೆದು ರೀಲೋಡ್ ಮಾಡಿದೆ. ರೀಲೋಡ್‌ನಿಂದ ಹಳೆಯ ಕನೆಕ್ಷನ್‌ಗಳು ಕಡಿಯುವುದಿಲ್ಲ, ಅವನ್ನು 'ಪಿಜಿ_ಟರ್ಮಿನೇಟ್_ಬ್ಯಾಕೆಂಡ್' ಹಾಕಿಯೇ ಮುಗಿಸಬೇಕು.

ಇನ್ನು ಪರೀಕ್ಷೆ. ಹೆಚ್ಚಿನವರು ಪಿಜಿ_ರೀಸ್ಟೋರ್‌ನ 'ಲಿಸ್ಟ್' ಓಡಿಸಿ, ಟೇಬಲ್‌ಗಳ ಪಟ್ಟಿ ಕಂಡರೆ ಡಂಪ್ ಸರಿಯಿದೆ ಎಂದುಕೊಳ್ಳುತ್ತಾರೆ. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಆ ಪಟ್ಟಿ ಇರುವುದು ಫೈಲಿನ ಮೊದಲಲ್ಲಿ. ಅರ್ಧಕ್ಕೆ ತುಂಡಾದ ಫೈಲೂ ಪಟ್ಟಿಯನ್ನು ಸರಿಯಾಗಿಯೇ ತೋರಿಸಬಹುದು. ಹಾಗಾಗಿ ಪಿಜಿ_ರೀಸ್ಟೋರ್‌ನ ಔಟ್‌ಪುಟ್ ಫೈಲ್ ಎಂದು, ಬರೆದದ್ದನ್ನೆಲ್ಲ ಎಸೆದುಬಿಡುವ 'ಡೆವ್ ನಲ್' ಕೊಟ್ಟು ಇಡೀ ಡಂಪನ್ನು ಓದಿಸುತ್ತೇನೆ. ತುಂಡಾಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಡಂಪ್ ಆದೇಶದ ಎಗ್ಸಿಟ್ ಕೋಡ್ ಸೊನ್ನೆಯೇ (ಅಂದರೆ ತಪ್ಪಿಲ್ಲದೆ ಮುಗಿಯಿತೇ) ಎಂದೂ ನೋಡಬೇಕು. ಸಾದಾ ಡಂಪನ್ನು ಕುಗ್ಗಿಸಲು ನೇರ ಜಿಜಿಪ್‌ಗೆ ಪೈಪ್ ಮಾಡುವವರು 'ಪೈಪ್‌ಫೇಲ್' ಹಾಕದಿದ್ದರೆ ಕಾಣುವುದು ಜಿಜಿಪ್‌ನ ಸೊನ್ನೆ, ಡಂಪ್‌ನದ್ದಲ್ಲ.

ಇಷ್ಟಾದರೂ ನನ್ನ ಮಟ್ಟಿಗೆ ಅದಿನ್ನೂ ಬ್ಯಾಕಪ್ ಅಲ್ಲ. ಬೇರೊಂದು ಯಂತ್ರದಲ್ಲಿ 16 ಹಾಕಿ, ಮೊದಲು ಗ್ಲೋಬಲ್ಸ್, ಆಮೇಲೆ 'ಟೆಂಪ್ಲೇಟ್0' ಎಂಬ ಮೂಲ ಮಾದರಿಯಿಂದ ಖಾಲಿ ಡೇಟಾಬೇಸ್ ಮಾಡಿ ಅದಕ್ಕೆ ರೀಸ್ಟೋರ್. ಪಿಜಿ_ರೀಸ್ಟೋರ್ ಸುಮ್ಮನೆ ಬಿಟ್ಟರೆ ತಪ್ಪು ಬಂದರೂ ಮುಂದುವರಿದು ಕೊನೆಗೆ ತಪ್ಪುಗಳ ಎಣಿಕೆ ಹೇಳುತ್ತದೆ. 'ಎಗ್ಸಿಟ್-ಆನ್-ಎರರ್' ಕೊಟ್ಟರೆ ಮೊದಲ ತಪ್ಪಿಗೇ ನಿಲ್ಲುತ್ತದೆ. ಹಳೆಯ ಡೇಟಾಬೇಸ್‌ನ ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ವಿಧಾನ) 'ಎಸ್‌ಕ್ಯೂಎಲ್_ಆಸ್ಕಿ' ಆಗಿದ್ದು ಹೊಸದು ಯುಟಿಎಫ್8 ಆದರೆ ಬೆಳೆಗಾರರ ಹೆಸರಿನ ಟೇಬಲ್‌ನಲ್ಲೇ 'ಇನ್‌ವ್ಯಾಲಿಡ್ ಬೈಟ್ ಸೀಕ್ವೆನ್ಸ್' ಎಂದು ಕೂರಬಹುದು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳನ್ನು ಯೂನಿಕೋಡ್‌ಗೆ ತರುವ ಕೆಲಸವನ್ನು ದಯವಿಟ್ಟು ಇದೇ ದಿನ ಇಟ್ಟುಕೊಳ್ಳಬೇಡಿ. ಎರಡೂ ಕಡೆಯ ಲೆಕ್ಕ ತಾಳೆ ನೋಡುವುದಕ್ಕೇ ಆಗುವುದಿಲ್ಲ.

ತಾಳೆ ನೋಡುವುದು ಹೀಗೆ: ಪ್ರತಿ ಟೇಬಲ್‌ನ ಸಾಲುಗಳ ಎಣಿಕೆ, ಸೀಸನ್‌ವಾರು ಒಟ್ಟು ಕಿಲೋ, ಖಾತೆಗಳ ಬಾಕಿಯ ಮೊತ್ತ. ಜೊತೆಗೆ ಕೊನೆಯ ರಸೀದಿ ನಂಬರಿಗಿಂತ ಸೀಕ್ವೆನ್ಸ್ (ಮುಂದಿನ ನಂಬರ್ ಕೊಡುವ ಎಣಿಕೆ) ಹಿಂದೆ ಉಳಿದಿಲ್ಲವೇ ಎಂದು. ಒಂದು ಕಿಲೋ ವ್ಯತ್ಯಾಸ ಬಂದರೂ ಕಾರಣ ಸಿಗುವವರೆಗೆ ಮುಂದೆ ಹೋಗುವಂತಿಲ್ಲ, ಅದು ಯಾರದೋ ಬೆಳೆಯ ತೂಕ. ರೀಸ್ಟೋರ್‌ಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಬರೆದಿಡಿ. ಕಚೇರಿಯನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂದು ಮಾಲೀಕರಿಗೆ ಹೇಳಲು ಬೇರೆ ಆಧಾರವಿಲ್ಲ.

ಡಂಪ್‌ನ ನಕಲುಗಳಲ್ಲಿ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ, ಒಂದು ಹಾಸನದ ಕಚೇರಿಗೆ. ಡಿಸ್ಕ್ ಅಥವಾ ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಹಾಸನಕ್ಕೆ ಹೋಗುವುದನ್ನು ಜಿಪಿಜಿಯಿಂದ ಎನ್‌ಕ್ರಿಪ್ಟ್ ಮಾಡಿ, ಆರ್‌ಸಿಂಕ್‌ನ 'ಪಾರ್ಷಿಯಲ್' ಆಯ್ಕೆಯಲ್ಲಿ ಕಳಿಸಿದೆ. ಮಳೆಯಲ್ಲಿ ಲೈನ್ ಕಡಿದರೆ ಹೋದಷ್ಟು ಭಾಗ ಅಲ್ಲಿ ಉಳಿದಿರುತ್ತದೆ. ತಲುಪಿದ ಮೇಲೆ ಎರಡೂ ಕಡೆ 'ಎಸ್‌ಎಚ್‌ಎ256ಸಮ್' (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಬೇಕು.

ಡಂಪ್-ರೀಸ್ಟೋರ್ ಇಲ್ಲದೆ ನೇರವಾಗಿ ಏರಿಸುವ ಪಿಜಿ_ಅಪ್‌ಗ್ರೇಡ್ ಬೇಗ ಮುಗಿಯುತ್ತದೆ, ಆದರೆ ಅದರ 'ಲಿಂಕ್' ವಿಧಾನದಲ್ಲಿ ಹೊಸ ಸರ್ವರ್ ಒಮ್ಮೆ ಶುರುವಾದರೆ ಹಳೆಯ ಕ್ಲಸ್ಟರ್ (ಆ ಸರ್ವರ್‌ನ ಡೇಟಾಬೇಸ್‌ಗಳೆಲ್ಲ) ಮತ್ತೆ ಬಳಸಲು ಸುರಕ್ಷಿತವಲ್ಲ. ಡೇಟಾ ದೊಡ್ಡದಿಲ್ಲದ ಕಡೆ ಡಂಪ್-ರೀಸ್ಟೋರ್‌ನ ದಾರಿಯೇ ಮೇಲು.

ಹೊಸದು ನಿಂತ ಮೇಲೆ 'ವ್ಯಾಕ್ಯೂಮ್‌ಡಿಬಿ'ಯ 'ಅನಲೈಜ್-ಇನ್-ಸ್ಟೇಜಸ್' ಓಡಿಸದಿದ್ದರೆ ಅಂಕಿಅಂಶಗಳಿಲ್ಲದೆ ಕ್ವೆರಿಗಳು ತೆವಳುತ್ತವೆ. ಆ್ಯಪ್‌ಗೆ ಲಾಗಿನ್ ಆಗದಿದ್ದರೆ ಪಿಜಿ_ಎಚ್‌ಬಿಎ ನೋಡಿ: 14ರಿಂದ ಪಾಸ್‌ವರ್ಡ್‌ಗೆ ಸ್ಕ್ರ್ಯಾಮ್ ವಿಧಾನ ಡೀಫಾಲ್ಟ್, ಗ್ಲೋಬಲ್ಸ್‌ನಲ್ಲಿ ಬಂದ ಹಳೆಯ ಎಂಡಿ5 ವಿಧಾನದ ಪಾಸ್‌ವರ್ಡ್ ಅದಕ್ಕೆ ಒಗ್ಗುವುದಿಲ್ಲ. ಪಾಸ್‌ವರ್ಡ್ ಹೊಸದಾಗಿ ಹಾಕಿದರೆ ಆಯಿತು.

ಹಳೆಯ 12ನ್ನು ಮುಂದಿನ ರಿಟರ್ನ್ ಮುಗಿಯುವವರೆಗೆ ಅಳಿಸಬೇಡಿ, ನಿಲ್ಲಿಸಿಡಿ. ಉಬುಂಟುವಿನಲ್ಲಿ ಹಳೆಯದು 5432ನೇ ಪೋರ್ಟ್ ಹಿಡಿದಿದ್ದರೆ ಹೊಸ ಕ್ಲಸ್ಟರ್‌ಗೆ ಸಿಗುವುದು 5433. ಎರಡರ ಪೋರ್ಟ್ ಅದಲುಬದಲು ಮಾಡಿ, ಹಳೆಯದರ 'ಸ್ಟಾರ್ಟ್.ಕಾನ್ಫ್' ಫೈಲಿನಲ್ಲಿ 'ಆಟೋ' ತೆಗೆದು 'ಮ್ಯಾನ್ಯುಯಲ್' ಎಂದು ಬರೆಯಿರಿ. ಇಲ್ಲವಾದರೆ ಕರೆಂಟ್ ಹೋಗಿ ಸರ್ವರ್ ಮತ್ತೆ ಏಳುವಾಗ ಹಳೆಯದೂ ಜೊತೆಗೇ ಏಳುತ್ತದೆ. ಯಾವುದಾದರೊಂದು ಕಂಪ್ಯೂಟರಿನಲ್ಲಿ ಪೋರ್ಟ್ ತಪ್ಪಿದ್ದರೆ ಅಲ್ಲಿನ ತೂಕವೆಲ್ಲ ಯಾರಿಗೂ ತಿಳಿಯದಂತೆ 12ರಲ್ಲಿ ಸೇರುತ್ತಾ ಹೋಗುತ್ತದೆ.